ಓದುಗರ ಪ್ರಶ್ನೆ: ಹಳೆಯ ಸೇನಾ ಜೀಪಿಗೆ ಮೊದಲು ಬಣ್ಣವೋ ಬ್ರೇಕೋ?

ಪ್ರಶ್ನೆ: ನಮ್ಮ ತಾತ ಡಿಸ್ಪೋಸಲ್ ಹರಾಜಿನಲ್ಲಿ ಕೊಂಡಿದ್ದ ಜೀಪು ತೋಟದ ಗೋದಾಮಿನಲ್ಲಿ ಬಹಳ ವರ್ಷಗಳಿಂದ ನಿಂತಿದೆ. ಅದು ಎರಡನೇ ಮಹಾಯುದ್ಧದ ಅಮೆರಿಕನ್ ವಿಲ್ಲಿಸ್ ಎಂಬುದು ಮನೆಯವರ ಮಾತು, ಮಹೀಂದ್ರಾ ಎಂಬುದು ನಮ್ಮೂರ ಮೆಕ್ಯಾನಿಕ್ ಮಾತು. ನಿಜ ತಿಳಿಯುವುದು ಹೇಗೆ? ಮೊದಲು ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸೋಣ ಎಂದುಕೊಂಡಿದ್ದೇನೆ. — ಓದುಗರು, ಸಕಲೇಶಪುರ

ಉತ್ತರ: ಇಬ್ಬರ ಮಾತೂ ಅರ್ಧರ್ಧ ನಿಜವಾಗಿರಬಹುದು. ಯುದ್ಧ ಮುಗಿದಾಗ ಭಾರತ-ಬರ್ಮಾ ರಂಗದಲ್ಲಿ ಉಳಿದುಹೋದ ಅಮೆರಿಕನ್ ಜೀಪುಗಳು ಮಾರಾಟವಾಗಿ ಖಾಸಗಿಯವರ ಕೈ ಸೇರಿದವು. 1947ರಿಂದ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ಒಂದರ ಎಷ್ಟೋ ಬಿಡಿಭಾಗಗಳು ಇನ್ನೊಂದಕ್ಕೆ ಹೊಂದುತ್ತಿದ್ದುದರಿಂದ ಮುಂದಿನ ದಶಕಗಳ ರಿಪೇರಿಯಲ್ಲಿ ಎರಡೂ ಬೆರೆತುಹೋದವು. ಹಾಗಾಗಿ ಬಾಡಿಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

ಮೇಲ್ನೋಟದ ಗುರುತುಗಳನ್ನು ಮೊದಲು ಹೇಳುತ್ತೇನೆ. ಯುದ್ಧಕಾಲದ ಜೀಪಿನ ಮುಂಭಾಗದ ತಗಡಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದು, ಚಿಕ್ಕ ಹೆಡ್‌ಲೈಟುಗಳು ಜಾಲರಿಯ ಹಿಂದೆ ಒಳಸರಿದಂತೆ ಕೂತಿರುತ್ತವೆ. ಯುದ್ಧಾನಂತರದ ನಾಗರಿಕ ಜೀಪುಗಳಲ್ಲಿ ಸೀಳುಗಳು ಏಳು, ಹೆಡ್‌ಲೈಟುಗಳು ದೊಡ್ಡವು. ಸೇನಾ ಜೀಪಿಗೆ ಹಿಂದೆ ತೆರೆಯುವ ಬಾಗಿಲಿಲ್ಲ, ಪೆಟ್ರೋಲ್ ತುಂಬಬೇಕಾದರೆ ಚಾಲಕನ ಸೀಟನ್ನೇ ಎತ್ತಬೇಕು. ಇವೆಲ್ಲ ಬದಲಾಗಬಹುದಾದ ಭಾಗಗಳು. ಬಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ರೇಡಿಯೇಟರಿನ ಕೆಳಗೆ ಬಗ್ಗಿ ನೋಡಿ: ಮುಂದಿನ ಅಡ್ಡಪಟ್ಟಿ ದುಂಡನೆಯ ಪೈಪಾಗಿದ್ದರೆ ಅದು ವಿಲ್ಲಿಸ್ ಎಂಬಿ, ಬೋರಲು ಹಾಕಿದ ಚೌಕ ಚಾನೆಲ್ ಆಗಿದ್ದರೆ ಅದೇ ನಕ್ಷೆಯ ಮೇಲೆ ಫೋರ್ಡ್ ತಯಾರಿಸಿದ ಜಿಪಿಡಬ್ಲ್ಯು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು, ಎಣ್ಣೆಜಿಡ್ಡು ಒರೆಸಿದರೆ ಈಗಲೂ ಕಾಣುತ್ತದೆ. 1941ರಿಂದ 1945ರವರೆಗೆ ಎರಡೂ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದರಿಂದ, ನಿಮ್ಮದು ನಿಜಕ್ಕೂ ಆ ಕಾಲದ್ದಾಗಿದ್ದರೆ ಆಶ್ಚರ್ಯವೇನಿಲ್ಲ.

ಇನ್ನು ಬಣ್ಣದ ವಿಚಾರಕ್ಕೆ ಬಂದರೆ, ಅದು ಕಟ್ಟಕಡೆಯ ಕೆಲಸ. ಮೊದಲು ಬಣ್ಣ ಹೊಡೆಸಿದವರು ಆಮೇಲೆ ಬ್ರೇಕ್ ಪೈಪಿಗೋಸ್ಕರ ಅದೇ ಬಣ್ಣವನ್ನು ಕೆರೆಯುವುದನ್ನು ಗ್ಯಾರೇಜುಗಳಲ್ಲಿ ಸಾಕಷ್ಟು ನೋಡಬಹುದು. ಒಂದು ನಟ್ಟನ್ನೂ ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು, ಚಾಸಿ ಹಾಗೂ ಎಂಜಿನ್ ನಂಬರುಗಳನ್ನು ಬರೆದಿಟ್ಟುಕೊಳ್ಳಿ. ಹಳೆಯ ಬಣ್ಣವನ್ನು ಒಂದೇ ಸಲಕ್ಕೆ ಕಿತ್ತುಹಾಕದೆ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಪದರ ಪದರವಾಗಿ ಉಜ್ಜಿದರೆ, ಬಾನೆಟ್ಟಿನ ಪಕ್ಕದಲ್ಲಿ ಸೇನೆಯ ನಂಬರು ಸಿಕ್ಕರೂ ಸಿಗಬಹುದು. ಆ ವಾಹನದ ಚರಿತ್ರೆಗೆ ಅದಕ್ಕಿಂತ ದೊಡ್ಡ ದಾಖಲೆ ಬೇರೆ ಇರುವುದು ಅಪರೂಪ.

ತುಕ್ಕು ಎಲ್ಲಿದೆಯೆಂದು ಹುಡುಕುವಾಗ ಬಾಡಿಯ ಅಡಿಯಲ್ಲಿ ಮಲಗಿ ನೋಡಿ. ನೆಲದ ತಗಡಿಗೆ ಬಲ ಕೊಡಲು ಕೆಳಗೆ ಬೆಸೆದಿರುವ ಉಕ್ಕಿನ ಚಾನೆಲುಗಳ ಒಳಗೆ ಕಾರ್ಖಾನೆಯಲ್ಲೇ ಮರದ ಪಟ್ಟಿ ತುಂಬಿದ್ದರು. ಮರ ನೀರು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಮಲೆನಾಡಿನಂಥ ಮಳೆಯ ಸೀಮೆಯಲ್ಲಿ ಮೇಲಿನ ತಗಡು ಗಟ್ಟಿಯಾಗಿ ಕಂಡರೂ ಚಾನೆಲ್ ಒಳಗಿನಿಂದ ಪುಡಿಯಾಗಿರುತ್ತದೆ. ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿಯದೂ ಇದೇ ಕಥೆ. ಅಲ್ಲಿನ ನೀರು ಹೋಗುವ ತೂತುಗಳು ಮುಚ್ಚಿಹೋಗಿದ್ದರೆ ತಳ ತೂತಾಗಿರುತ್ತದೆ. ಇಂಥ ಕಡೆ ಪುಟ್ಟಿ ಮೆತ್ತಿ ಮುಚ್ಚುವವರ ಕೈಗೆ ಜೀಪು ಕೊಡಬೇಡಿ. ಕೊಳೆತ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ಬೆಸೆಸಿ. ಬಾಡಿಯ ತೆಳು ತಗಡಿಗೆ ರಭಸದ ಮರಳು ಬ್ಲಾಸ್ಟಿಂಗ್ ಕೂಡ ಬೇಡ. ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ, ಮರಳಿನ ದೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಬ್ರಾಕೆಟ್ಟು, ಹಿಂಜು, ಸಲಕರಣೆಗಳಂಥ ಚಿಕ್ಕ ಉಕ್ಕಿನ ಭಾಗಗಳಿಗೆ ಕಬ್ಬಿನ ಕಾಕಂಬಿಯೇ ಸಾಕು. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೆ, ಅದು ತುಕ್ಕನ್ನು ಕರಗಿಸಿ ಉಕ್ಕನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ವಾಸನೆ ಮಾತ್ರ ಸಹಿಸಲಾಗದ್ದು, ಡ್ರಮ್ಮನ್ನು ಮನೆಯಿಂದ ದೂರವಿಡಿ. ಅಲ್ಯೂಮಿನಿಯಂ ಅಥವಾ ಸತುವಿನ ಭಾಗಗಳನ್ನು ಅದರಲ್ಲಿ ಹಾಕಕೂಡದು.

ಎಂಜಿನ್ ಸೀಜ್ ಆಗಿದೆಯೆಂದು ಯಾರಾದರೂ ಜೀಪನ್ನು ಎಳೆಸಿ ಸ್ಟಾರ್ಟ್ ಮಾಡಲು ಹೊರಟರೆ ತಡೆಯಿರಿ. 2,199 ಸಿಸಿಯ, 60 ಅಶ್ವಶಕ್ತಿಯ ಈ ನಾಲ್ಕು ಸಿಲಿಂಡರಿನ ಎಂಜಿನ್ ಬಹಳ ತಾಳ್ಮೆಯ ಯಂತ್ರ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಮುಂದಿನ ಹ್ಯಾಂಡಲಿನಿಂದ ಮೆಲ್ಲಗೆ ಅಲ್ಲಾಡಿಸಿ. ತಿರುಗಿದ ಮೇಲೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಬರದಿದ್ದರೆ ಕೂಡಲೇ ಸಿಲಿಂಡರ್ ಕೊರೆಸುವ ಬೋರಿಂಗಿಗೆ ಕಳಿಸಬೇಕಿಲ್ಲ. ಇದರ ವಾಲ್ವುಗಳು ಹೆಡ್ಡಿನಲ್ಲಿಲ್ಲದೆ ಬ್ಲಾಕಿನಲ್ಲೇ ಇರುವುದರಿಂದ, ಬಹಳ ಕಾಲ ನಿಂತಾಗ ಗೈಡಿನಲ್ಲಿ ಅಂಟಿಕೊಂಡು ತೆರೆದೇ ಉಳಿದಿರುತ್ತವೆ. ಬ್ಲಾಕಿನ ಪಕ್ಕದ ಮುಚ್ಚಳ ತೆಗೆದರೆ ಯಾವುದು ಸಿಕ್ಕಿಕೊಂಡಿದೆಯೆಂದು ಕಣ್ಣಿಗೇ ಕಾಣುತ್ತದೆ.

ಮೂರು ಕಡೆ ಮಾತ್ರ ಸ್ವಂತ ಪ್ರಯೋಗ ಬೇಡ. ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಹೈಡ್ರಾಲಿಕ್ ಮಾರ್ಗವಿರುವುದರಿಂದ ಒಂದು ಪೈಪು ಒಡೆದರೂ ನಾಲ್ಕೂ ಹೋಗುತ್ತವೆ. ಪೈಪು, ಹೋಸು, ವಾಷರುಗಳನ್ನು ನೋಡುವುದಕ್ಕೆ ಚೆನ್ನಾಗಿದ್ದರೂ ಬದಲಿಸಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಡ್ರಮ್ಮಿನೊಳಗಿನ ದೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆಮಾಡಿ ಒರೆಸಿ. ಎರಡು ಹೋಳಾಗಿ ಬೋಲ್ಟಿನಿಂದ ಜೋಡಿಸಿದ ಸೇನಾ ರಿಮ್ಮುಗಳಿದ್ದರೆ, ಗಾಳಿಯನ್ನು ಪೂರ್ತಿ ಬಿಟ್ಟು ವಾಲ್ವಿನ ಒಳಸೂಜಿಯನ್ನೂ ತೆಗೆದ ಮೇಲಷ್ಟೇ ಆ ಬೋಲ್ಟುಗಳನ್ನು ಮುಟ್ಟಬೇಕು. ತುಂಬಿದ ಟೈರಿನ ರಿಮ್ಮು ಬಿಚ್ಚಿಕೊಂಡರೆ ಎದುರಿಗಿದ್ದವರ ಜೀವ ಉಳಿಯುವುದು ಕಷ್ಟ. ಇನ್ನು ಆ ಕಾಲದ ಕೆಲವು ಸೇನಾ ವಾಹನಗಳ ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣವಿತ್ತು. ಈಗ ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಗಾಜು ತೆಗೆದು ಆ ಅಂಕಿಗಳನ್ನು ಕೆರೆಯಬೇಡಿ.

ಪ್ರಶ್ನೆ: ನನ್ನ ಜೀಪಿಗೆ ಸೇನೆಯ ಹಸಿರು ಬಣ್ಣ ಹೊಡೆಸಿ ನಕ್ಷತ್ರ, ನಂಬರು ಬರೆಸಬಹುದೇ? ವಿಂಟೇಜ್ ನೋಂದಣಿ ಸಿಗುತ್ತದೆಯೇ? — ಓದುಗರು, ಬೆಂಗಳೂರು

ಉತ್ತರ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಹೊಡೆಯುವಂತಿಲ್ಲ. ಅಮೆರಿಕನ್ ಜೀಪಿನ ಮೂಲ ಬಣ್ಣ ನಮ್ಮ ಸೇನೆಯ ಹಸಿರಿಗಿಂತ ಕಂದಿನ ಕಡೆಗೆ ವಾಲಿದ್ದು ಎಂದು ತಿಳಿದವರು ವಾದಿಸುತ್ತಾರೆ, ಅದು ನಿಜವೂ ಹೌದು. ಆದರೆ ರಸ್ತೆಯಲ್ಲಿ ತಡೆದು ನಿಲ್ಲಿಸಿದ ಅಧಿಕಾರಿಯೆದುರು ಆ ವಾದ ನಿಲ್ಲುವುದೆಂದು ನಾನು ಭರವಸೆ ಕೊಡಲಾರೆ. ಬಣ್ಣದ ಮಾದರಿಯನ್ನು ಮೊದಲೇ ಆರ್‌ಟಿಒ ಕಚೇರಿಗೆ ತೋರಿಸಿ ಲಿಖಿತ ಉತ್ತರ ಪಡೆಯಿರಿ. ನಂಬರಿನ ಜೊತೆ ಮೇಲ್ಮುಖದ ಬಾಣದ ಗುರುತನ್ನು ಅಲಂಕಾರಕ್ಕೂ ಬರೆಸಬೇಡಿ, ಅದು ಸೇವೆಯಲ್ಲಿರುವ ಸೇನಾ ವಾಹನದ ಗುರುತು.

2021ರ ವಿಂಟೇಜ್ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ವಾಣಿಜ್ಯ ಬಳಕೆಯದಲ್ಲದ ವಾಹನ ಅರ್ಹವಾಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ, ಇಂಧನ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ದಿನವೂ ತೋಟಕ್ಕೆ ಹೋಗಿಬರುವವರಿಗೆ ಈ ನೋಂದಣಿಯಿಂದ ಉಪಯೋಗವಿಲ್ಲ, ಸಾಮಾನ್ಯ ನೋಂದಣಿಯ ನವೀಕರಣವೇ ಅವರ ದಾರಿ.

ಪ್ರಶ್ನೆ: ಈಗಿನ ಎಥೆನಾಲ್ ಪೆಟ್ರೋಲ್ ಹಳೆಯ ಜೀಪಿಗೆ ಆಗುತ್ತದೆಯೇ? ತಿಂಗಳಿಗೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿಟ್ಟರೆ ಸಾಕೇ? — ಓದುಗರು, ಶಿವಮೊಗ್ಗ

ಉತ್ತರ: ಆಕ್ಟೇನ್ ಬಗ್ಗೆ ಚಿಂತೆಯಿಲ್ಲ. 6.48ಕ್ಕೆ 1ರಷ್ಟು ಕಡಿಮೆ ಕಂಪ್ರೆಷನ್ನಿನ ಎಂಜಿನ್‌ಗೆ ಇಂದಿನ ಸಾಧಾರಣ ಪೆಟ್ರೋಲೇ ಧಾರಾಳ. ತೊಂದರೆಯಿರುವುದು ರಬ್ಬರಿನಲ್ಲಿ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲು ಹಳೆಯ ಹೋಸುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆಯ ಗಷ್ಟನ್ನು ಕರಗಿಸಿ ಕಾರ್ಬುರೇಟರಿಗೆ ಸಾಗಿಸುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವ ಹೀರುತ್ತದೆ. ಎಥೆನಾಲ್ ತಡೆಯುವ ಹೋಸು, ಡಯಾಫ್ರಮ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿ.

ಹತ್ತು ನಿಮಿಷದ ಓಟ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಣ್ಣೆ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸಿದರೆ, ದಹನದಿಂದ ಬಂದ ನೀರು ಎಂಜಿನ್ ತಳದ ಎಣ್ಣೆ ಸಂಪಿನಲ್ಲೇ ಉಳಿದು ಬೇರಿಂಗುಗಳನ್ನು ತಿನ್ನುತ್ತದೆ. ಓಡಿಸುವುದಾದರೆ ಚೆನ್ನಾಗಿ ಬಿಸಿಯಾಗುವಷ್ಟು ದೂರ ರಸ್ತೆಯಲ್ಲೇ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ. ಗೇರ್‌ಬಾಕ್ಸಿಗೆ ಅಂಗಡಿಯವರು ಜಿಎಲ್-5 ದರ್ಜೆಯ ಗೇರ್ ಎಣ್ಣೆ ಕೊಟ್ಟರೆ ಬೇಡವೆನ್ನಿ. ಅದರಲ್ಲಿನ ಗಂಧಕದ ಸಂಯುಕ್ತಗಳು ಒಳಗಿನ ಕಂಚು, ಹಿತ್ತಾಳೆಯ ಭಾಗಗಳನ್ನು ಸವೆಸಬಲ್ಲವು; ಜಿಎಲ್-4 ಕೇಳಿ ತನ್ನಿ.

ಪ್ರಶ್ನೆ: ಸೇನೆಯಿಂದ ಬಂದ ಜೋಂಗಾ ನಮ್ಮಲ್ಲಿದೆ. ಪೆಟ್ರೋಲ್ ಖರ್ಚು ತಡೆಯದೆ ಡೀಸೆಲ್ ಎಂಜಿನ್ ಹಾಕಿಸಬೇಕೆಂದಿದ್ದೇವೆ. — ಓದುಗರು, ಬೆಳಗಾವಿ

ಉತ್ತರ: ಜಬಲ್‌ಪುರದ ವಾಹನ ಕಾರ್ಖಾನೆ ನಿಸ್ಸಾನ್ ಪ್ಯಾಟ್ರೋಲ್ ಮಾದರಿಯ ಮೇಲೆ ತಯಾರಿಸಿದ ಈ ವಾಹನದ ಜೀವವೇ ಆ ಆರು ಸಿಲಿಂಡರಿನ, 3,956 ಸಿಸಿಯ ಎಂಜಿನ್. ಅದನ್ನು ತೆಗೆದರೆ ಮೂಲ ರೂಪವೂ ಹೋಯಿತು, ಅದರೊಂದಿಗೆ ವಿಂಟೇಜ್ ಅರ್ಹತೆಯೂ. ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಅನುಮತಿಯೂ ಬೇಕು, ಅದಿಲ್ಲದೆ ಮಾಡಿಸಿದರೆ ವಿಮೆಯವರು ಕೈಕೊಡುತ್ತಾರೆ. ದಿನಬಳಕೆಗೇ ವಾಹನ ಬೇಕೆಂದಿದ್ದರೆ ಬೇರೆಯದನ್ನು ಕೊಳ್ಳಿ. ಹಾಕಿಸಿಯೇ ತೀರುತ್ತೀರಾದರೆ, ಹಳೆಯ ಎಂಜಿನ್ನನ್ನು ಗುಜರಿಗೆ ಹಾಕದೆ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ತೂತುಗಳನ್ನೆಲ್ಲ ಮುಚ್ಚಿ, ಕಾರ್ಬುರೇಟರ್ ಸಮೇತ ಒಣಜಾಗದಲ್ಲಿಡಿ. ಮೂಲ ಬ್ರಾಕೆಟ್ಟುಗಳನ್ನು ಕತ್ತರಿಸಲು ಮಾತ್ರ ಮೇಸ್ತ್ರಿಗೆ ಬಿಡಬೇಡಿ.