ಮನೆ ಕಂಪ್ಯೂಟರ್‌ನ ರೇಡ್ 5 ನಿಧಾನವಾಗಿದೆ. ಇನ್ನೂ ಎರಡು ಹಾರ್ಡ್‌ಡಿಸ್ಕ್ ಸೇರಿಸಿದರೆ ವೇಗ ಬರುತ್ತದಾ?

ನೀವು ಕೇಳಿರುವುದು ಇಷ್ಟು. ಸಿಂಧನೂರಿನಲ್ಲಿ ಮನೆಯಲ್ಲೇ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೀರಿ. 10ನೇ ಜನರೇಷನ್ ಐ7, ಝಡ್490 ಮದರ್‌ಬೋರ್ಡ್. ವಿಂಡೋಸ್ ಇರುವುದು 256 ಜಿಬಿಯ ಸಾಟಾ ಎಸ್‌ಎಸ್‌ಡಿಯಲ್ಲಿ. ಉಳಿದದ್ದೆಲ್ಲ, ಅಂದರೆ ಫೂಟೇಜ್, ಪ್ರಾಜೆಕ್ಟ್ ಫೈಲ್, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಕ್ಯಾಷ್ (ಅದು ತಾತ್ಕಾಲಿಕವಾಗಿ ಮಾಡಿಕೊಳ್ಳುವ ಫೈಲ್‌ಗಳು), 4 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್ ಸೇರಿಸಿ ಬೋರ್ಡ್‌ನಲ್ಲೇ ಮಾಡಿದ ರೇಡ್ 5ರ ಮೇಲಿದೆ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಡ್ರೈವ್‌ನಂತೆ ಬಳಸುವುದು; ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಸುಮಾರು 5 ಟಿಬಿ ತುಂಬಿದೆ. ನಾಲ್ಕು ಕ್ಯಾಮೆರಾದ ಟೈಮ್‌ಲೈನ್ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಇನ್ನೆರಡು ಡಿಸ್ಕ್ ಸೇರಿಸಲೋ, ಸೆಕೆಂಡ್‌ಹ್ಯಾಂಡ್ ರೇಡ್ ಕಾರ್ಡ್ ಹಾಕಲೋ, ಎರಡು ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ತಂದು ರೇಡ್ 0 (ಡೇಟಾವನ್ನು ಎರಡಕ್ಕೂ ಹಂಚಿ ಬರೆಯುವುದು, ನಕಲು ಇರುವುದಿಲ್ಲ) ಮಾಡಲೋ ಅನ್ನುವುದು ನಿಮ್ಮ ಪ್ರಶ್ನೆ.

ಮೂರೂ ಬೇಡ. ಒಂದೇ ಒಂದು ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿ ತನ್ನಿ. ಈಗ ನಡೀತಿರುವ ಕೆಲಸ ಮತ್ತು ಕ್ಯಾಷ್ ಅದರ ಮೇಲೆ ಇರಲಿ. ರೇಡ್ ಮುಗಿದ ಕೆಲಸಗಳ ಉಗ್ರಾಣವಾಗಿ ಉಳಿಯಲಿ. ನಾನು ಬಳ್ಳಾರಿಯಲ್ಲಿ ಸ್ಟುಡಿಯೋಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಇದೇ ಪ್ರಶ್ನೆ ಇಲ್ಲೂ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. ಸಾಮಾನ್ಯ 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ. 8ರಿಂದ ಭಾಗಿಸಿದರೆ 12.5 ಎಂಬಿ. ನಾಲ್ಕು ಕ್ಯಾಮೆರಾ ಸೇರಿದರೂ ಸೆಕೆಂಡಿಗೆ 50 ಎಂಬಿ ಅಷ್ಟೇ. ಈಗಿನ ಒಂದು ಹಾರ್ಡ್‌ಡಿಸ್ಕ್ ಒಂದೇ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 150 ಎಂಬಿಗೂ ಜಾಸ್ತಿ ಕೊಡುತ್ತದೆ. ನಿಮ್ಮ ಹತ್ತಿರ ಅಂಥವು ನಾಲ್ಕಿವೆ. ಅಂದಮೇಲೆ ಡೇಟಾದ ಪ್ರಮಾಣ ಸಮಸ್ಯೆ ಅಲ್ಲವೇ ಅಲ್ಲ.

ಸಮಸ್ಯೆ ಇರುವುದು ಕಾಯುವುದರಲ್ಲಿ. 7200 ಆರ್‌ಪಿಎಂ ಡಿಸ್ಕ್‌ನ ತಟ್ಟೆ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್‌ಗಿಂತ ತುಸು ಹೆಚ್ಚು. ಹೆಡ್ ಆ ಪಟ್ಟಿಗೆ ಸರಿಯಲು ಇನ್ನೊಂದು 8 ಮಿಲಿಸೆಕೆಂಡ್. ಒಟ್ಟು 12 ದಾಟಿತು. ಹೀಗೆ ಅಲ್ಲಿ ಇಲ್ಲಿ ಹುಡುಕಿ ಓದುವ ಕೆಲಸ ಒಂದು ಡಿಸ್ಕ್‌ನಿಂದ ಸೆಕೆಂಡಿಗೆ ಸುಮಾರು 80 ಸಲ ಆದರೆ ಹೆಚ್ಚು. ನಾಲ್ಕು ಕ್ಯಾಮೆರಾದ ಫೈಲ್‌ಗಳ ನಡುವೆ ಹೆಡ್ ಹಾರುತ್ತಲೇ ಇರಬೇಕು. ಅದರ ಜೊತೆಗೆ ಕ್ಯಾಷ್‌ನ ಸಾವಿರಾರು ಸಣ್ಣ ಫೈಲ್, ಆಡಿಯೋದ ಪೀಕ್ ಫೈಲ್, ಆಟೋ ಸೇವ್. ನೀವು ಕರ್ಸರ್ ಅತ್ತಿಂದಿತ್ತ ಎಳೆದಾಗಲೆಲ್ಲ ಈ 12 ಮಿಲಿಸೆಕೆಂಡ್‌ಗಳು ಕ್ಯೂ ನಿಲ್ಲುತ್ತವೆ.

ಡಿಸ್ಕ್ ಸೇರಿಸಿದರೆ ಈ ಕಾಯುವಿಕೆ ಕಡಿಮೆ ಆಗುವುದಿಲ್ಲ. ನಿಮ್ಮ ಊರಿನ ಎಪಿಎಂಸಿ ನೆನಪಿಸಿಕೊಳ್ಳಿ. ಹಮಾಲರು ನಾಲ್ಕು ಜನದ ಬದಲು ಆರು ಜನ ಬಂದರೆ ಭತ್ತದ ಲಾರಿ ಬೇಗ ಖಾಲಿಯಾಗುತ್ತದೆ. ಆದರೆ ಗೋದಾಮಿನ ಮೂಲೆಯಲ್ಲಿರುವ ಒಂದೇ ಒಂದು ಚೀಲ ತರಬೇಕಾದರೆ, ಆರು ಜನ ಇದ್ದರೂ ನಡೆಯುವ ದಾರಿ ಅಷ್ಟೇ ಅಲ್ವಾ? ರೇಡ್ ಜೋರಾಗುವುದು ಲಾರಿ ಇಳಿಸುವ ಕೆಲಸಕ್ಕೆ. ಎಡಿಟಿಂಗ್‌ನಲ್ಲಿ ಹೆಚ್ಚಿನ ಪಾಲು ಒಂದೊಂದೇ ಚೀಲ ತರುವ ಕೆಲಸ.

ಬರೆಯುವಾಗ ರೇಡ್ 5ರ ಕಷ್ಟ ಇನ್ನೂ ಜಾಸ್ತಿ. ಒಂದು ಸಣ್ಣ ತುಂಡು ಬದಲಾದರೆ ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮತ್ತೆ ಕಟ್ಟಲು ಇಟ್ಟಿರುವ ಲೆಕ್ಕ) ಓದಬೇಕು, ಹೊಸ ಡೇಟಾ ಬರೆಯಬೇಕು, ಹೊಸ ಪ್ಯಾರಿಟಿ ಬರೆಯಬೇಕು. ಒಂದು ಕೆಲಸಕ್ಕೆ ನಾಲ್ಕು ಕೆಲಸ. ನಾಲ್ಕು ಡಿಸ್ಕ್ ಸೇರಿ ಸೆಕೆಂಡಿಗೆ 320 ಸಲ ಓಡಾಡಬಲ್ಲವು ಅಂತಿಟ್ಟುಕೊಂಡರೂ, ಸಣ್ಣ ಬರಹಕ್ಕೆ ಕೈಗೆ ಸಿಗುವುದು 80. ಒಂದೇ ಡಿಸ್ಕ್ ಇಟ್ಟುಕೊಂಡಿದ್ದರೂ ಅಷ್ಟೇ ಸಿಗುತ್ತಿತ್ತು! ಇದು ಹೊಸದಾಗಿ ಕಂಡುಹಿಡಿದ ದೋಷವೂ ಅಲ್ಲ. 1988ರಲ್ಲಿ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಮೂವರು ರೇಡ್ ಬಗ್ಗೆ ಮೊದಲ ಪ್ರಬಂಧ ಬರೆದಾಗಲೇ ಈ ನಾಲ್ಕರ ಲೆಕ್ಕವನ್ನು ಹೇಳಿದ್ದರು. ಪ್ರತಿ ಡೇಟಾವನ್ನೂ ಎರಡು ಡಿಸ್ಕ್‌ಗಳಲ್ಲಿ ಇಡುವ ರೇಡ್ 10ರಲ್ಲಿ ಇದು ಎರಡು ಕೆಲಸ ಮಾತ್ರ, ಆಗ 160 ಸಿಗುತ್ತದೆ. ಎನ್‌ವಿಎಂಇಯಲ್ಲಿ ಇದೇ ಸಂಖ್ಯೆ ಹತ್ತಾರು ಸಾವಿರ. ಇಷ್ಟು ದೊಡ್ಡ ಅಂತರವನ್ನು ಡಿಸ್ಕ್ ಸೇರಿಸಿ ತುಂಬಲು ಆಗುವುದಿಲ್ಲ.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಟೈಮ್‌ಲೈನ್ ಸಿಕ್ಕಿಕೊಂಡಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ರೇಡ್ ಡ್ರೈವ್ ನೋಡಿ. ಆಕ್ಟಿವ್ ಟೈಮ್ 100ರ ಹತ್ತಿರ ನಿಂತಿದ್ದು, ಆವರೇಜ್ ರೆಸ್ಪಾನ್ಸ್ ಟೈಮ್ ಹತ್ತಾರು ಅಥವಾ ನೂರಾರು ಮಿಲಿಸೆಕೆಂಡ್ ತೋರಿಸಿದರೆ ತಪ್ಪು ಡಿಸ್ಕ್‌ನದು. ಡಿಸ್ಕ್ ಸುಮ್ನೆ ಇದ್ದು ಸಿಪಿಯು 100 ಮುಟ್ಟಿದ್ದರೆ ತಪ್ಪು ಫೈಲ್‌ನ ಬಗೆಯದು. ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫೈಲ್‌ಗಳನ್ನು ಬಿಡಿಸುವ ಹಾರ್ಡ್‌ವೇರ್ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಬಂದದ್ದು 11ನೇ ಜನರೇಷನ್‌ನಿಂದ, ಎನ್‌ವಿಡಿಯಾದಲ್ಲಿ 50 ಸರಣಿಯಿಂದ. ನಿಮ್ಮದು 10ನೇ ಜನರೇಷನ್. ಅಂಥ ಫೈಲ್ ಇದ್ದರೆ ಯಾವ ಡಿಸ್ಕ್ ಹಾಕಿದರೂ ಪ್ರಯೋಜನವಿಲ್ಲ. ಪ್ರಾಕ್ಸಿ, ಅಂದರೆ ಫೂಟೇಜ್‌ನ ಹಗುರ ನಕಲು, ಮಾಡಿಕೊಂಡು ಎಡಿಟ್ ಮಾಡಿ.

ಇನ್ನೊಂದು ಅನುಮಾನ ನನಗಿದೆ. ನಿಮ್ಮ ರೇಡ್ ಈಗ ಪೂರ್ತಿ ಆರೋಗ್ಯವಾಗಿದೆಯಾ? ಇಂಟೆಲ್‌ನ ರ್ಯಾಪಿಡ್ ಸ್ಟೋರೇಜ್ ಸಾಫ್ಟ್‌ವೇರ್ ತೆಗೆದು ನೋಡಿ. ನಮ್ಮ ಕಡೆ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಕಂಪ್ಯೂಟರ್ ಹಾಗೆ ದಬಕ್ಕನೆ ಆಫ್ ಆದರೆ, ಮುಂದಿನ ಸಲ ಆನ್ ಆದಾಗ ರೇಡ್ 5 ತನ್ನ ಪ್ಯಾರಿಟಿ ಸರಿಯಿದೆಯಾ ಅಂತ ಇಡೀ ಡಿಸ್ಕ್‌ಗಳನ್ನು ಓದಿ ಪರೀಕ್ಷಿಸಲು ಕೂರುತ್ತದೆ. 4 ಟಿಬಿಯನ್ನು ಸೆಕೆಂಡಿಗೆ 150 ಎಂಬಿಯಂತೆ ಓದಿದರೂ 7 ಗಂಟೆ ದಾಟುತ್ತದೆ. ನೀವು ಅದರ ಮೇಲೆಯೇ ಎಡಿಟಿಂಗ್ ಮಾಡುತ್ತಿದ್ದರೆ ಇನ್ನೂ ಎಳೆಯುತ್ತದೆ. ದಿನ ಬಿಟ್ಟು ದಿನ ಕರೆಂಟ್ ಹೋಗುವ ಮನೆಯಲ್ಲಿ ರೇಡ್ ಯಾವಾಗಲೂ ಪರೀಕ್ಷೆಯಲ್ಲೇ ಇರುತ್ತದೆ. "ಸಿಸ್ಟಮ್ ಹಳೇದಾಯ್ತು, ಸ್ಲೋ ಆಯ್ತು" ಅಂತ ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರದು ಇದೇ ಕಥೆ.

ಅದಕ್ಕಿಂತ ಕೆಟ್ಟದ್ದು, ಒಂದು ಡಿಸ್ಕ್ ಆಗಲೇ ಹೋಗಿ ರೇಡ್ ಮೂರರ ಮೇಲೆ ನಡೀತಿರುವುದು. ಆಗ ಹೋದ ಡಿಸ್ಕ್‌ನ ಡೇಟಾವನ್ನು ಉಳಿದ ಮೂರನ್ನೂ ಓದಿ ಲೆಕ್ಕ ಹಾಕಿ ಕೊಡಬೇಕು. ಕೆಲಸ ನಡೆಯುತ್ತದೆ, ನಿಧಾನವಾಗಿ. ಇನ್ನೊಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ಸಾಫ್ಟ್‌ವೇರ್‌ನಲ್ಲಿ ಡಿಗ್ರೇಡೆಡ್ ಅಂತ ಕಂಡರೆ ಈ ಉತ್ತರ ಇಲ್ಲಿಗೇ ನಿಲ್ಲಿಸಿ, ಮೊದಲು ಡೇಟಾ ಹೊರಗೆ ಕಾಪಿ ಮಾಡಿಕೊಳ್ಳಿ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್ (ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳು) ಸಂಖ್ಯೆಗಳನ್ನೂ ನೋಡಿ. ಸೊನ್ನೆ ಇರಬೇಕು. ಸಂಖ್ಯೆ ಏರುತ್ತಾ ಹೋದರೆ ಆ ಡಿಸ್ಕ್ ಬದಲಾಯಿಸುವ ಹೊತ್ತು ಬಂದಿದೆ.

ಡಿಸ್ಕ್‌ಗಳ ಮಾಡೆಲ್ ನಂಬರ್ ಹಾಕಿ ಅವು ಸಿಎಂಆರ್‌ (ಪಟ್ಟಿಗಳು ಬೇರೆ ಬೇರೆ ಇರುವ ಬಗೆ) ಅಥವಾ ಎಸ್‌ಎಂಆರ್‌ ಅಂತಲೂ ಹುಡುಕಿ. ಎಸ್‌ಎಂಆರ್‌ ಡಿಸ್ಕ್‌ನಲ್ಲಿ ಪಟ್ಟಿಗಳು ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ರೇಡ್ 5ಕ್ಕೆ ಇವು ಒಗ್ಗುವುದೇ ಇಲ್ಲ. ರೇಡ್‌ಗೆಂದೇ ಮಾರುವ ಡಿಸ್ಕ್‌ಗಳಲ್ಲೂ ಇವು ಸೇರಿಕೊಂಡಿವೆ ಅನ್ನುವುದು 2020ರಲ್ಲಿ ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು. ಹೊಸ ಡಿಸ್ಕ್ ಯಾವಾಗ ಕೊಂಡರೂ ಇದನ್ನು ಕೇಳಿಯೇ ಕೊಳ್ಳಿ.

ಈಗ ಎನ್‌ವಿಎಂಇ ವಿಷಯ. 10ನೇ ಜನರೇಷನ್ ಪ್ರೊಸೆಸರ್ ಜೊತೆ ಝಡ್490ರ ಎಂ.2 ಸ್ಲಾಟ್‌ಗಳೆಲ್ಲ (ಎನ್‌ವಿಎಂಇ ಕೂರುವ ಜಾಗಗಳು) ಚಿಪ್‌ಸೆಟ್ ಮೂಲಕವೇ ಸಿಪಿಯು ಸೇರುತ್ತವೆ. ಆ ದಾರಿಯ ಅಗಲವೇ ಸೆಕೆಂಡಿಗೆ ಸುಮಾರು 3,500 ಎಂಬಿ. ಒಂದು ಜೆನ್ 3 (ಮೂರನೇ ತಲೆಮಾರಿನ) ಎಸ್‌ಎಸ್‌ಡಿ ಒಂದೇ ಅದನ್ನು ತುಂಬಿಸುತ್ತದೆ. ಎರಡು ಹಾಕಿ ರೇಡ್ 0 ಮಾಡಿದರೆ ವೇಗ ಬರುವುದಿಲ್ಲ, ಡೇಟಾ ಕಳೆದುಕೊಳ್ಳುವ ಅಪಾಯ ಮಾತ್ರ ಎರಡಷ್ಟಾಗುತ್ತದೆ. ಜೆನ್ 4, ಜೆನ್ 5ಕ್ಕೆ ಹೆಚ್ಚು ದುಡ್ಡು ಕೊಡುವುದೂ ನಿಮ್ಮ ಬೋರ್ಡ್‌ನಲ್ಲಿ ದಂಡ. ಆ ದುಡ್ಡನ್ನು ಒಳ್ಳೆಯ ಗುಣಮಟ್ಟಕ್ಕೆ ಹಾಕಿ. ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಮೆಮೊರಿ) ಇರಲಿ, ಡಿರ್ಯಾಮ್ (ಎಸ್‌ಎಸ್‌ಡಿಯೊಳಗಿನ ಸಣ್ಣ ವೇಗದ ಮೆಮೊರಿ) ಇರಲಿ, 2 ಟಿಬಿ ಇರಲಿ. ಅಗ್ಗದ ಕೆಲವು ಕ್ಯೂಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್) ಎಸ್‌ಎಸ್‌ಡಿಗಳು ಒಳಗಿನ ಕ್ಯಾಷ್ ತುಂಬುವವರೆಗೆ ಓಡುತ್ತವೆ, ಆಮೇಲೆ ಹಾರ್ಡ್‌ಡಿಸ್ಕ್‌ಗಿಂತ ನಿಧಾನವಾಗಿ ಬರೆಯುತ್ತವೆ. ಒಂದು ಮದುವೆಯ ಫೂಟೇಜ್ ಒಟ್ಟಿಗೆ ಸುರಿಯುವ ನಿಮಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ. ಹೀಟ್‌ಸಿಂಕ್ ಮರೆಯಬೇಡಿ. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಯಾದ ಎಸ್‌ಎಸ್‌ಡಿ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಹಾಕುವಾಗ ತುಂಬಾ ಹುಷಾರಾಗಿರಬೇಕಾದ ಜಾಗ ಒಂದಿದೆ. ಬಹಳಷ್ಟು ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ನಿಮ್ಮದರಲ್ಲಿ ಆಗಲೇ ಐದು ಸಾಟಾ ಕೇಬಲ್ ಇವೆ. ಬಂದ್ ಆದ ಪೋರ್ಟ್‌ನಲ್ಲಿ ರೇಡ್‌ನ ಡಿಸ್ಕ್ ಇದ್ದರೆ, ಹೊಸ ಎಸ್‌ಎಸ್‌ಡಿ ಹಾಕಿದ ತಕ್ಷಣ ರೇಡ್ ಮುರಿದಂತೆ ಕಾಣುತ್ತದೆ. ಮ್ಯಾನ್ಯುಯಲ್ ನೋಡಿ, ಪವರ್ ತೆಗೆದು, ಆ ಡಿಸ್ಕ್‌ಗಳನ್ನು ಬೇರೆ ಪೋರ್ಟ್‌ಗೆ ಮೊದಲೇ ಬದಲಾಯಿಸಿ. ಪೋರ್ಟ್ ಬದಲಾದರೂ ಇಂಟೆಲ್ ರೇಡ್ ತನ್ನ ಡಿಸ್ಕ್‌ಗಳನ್ನು ಗುರುತು ಹಿಡಿಯುತ್ತದೆ. ಹಾಗೆಯೇ, ಬೋರ್ಡ್‌ನ ಸೆಟ್ಟಿಂಗ್ ಉಳಿಸುವ ಸೀಮಾಸ್ ಬ್ಯಾಟರಿ ಸತ್ತು ಅಥವಾ ಬಯಾಸ್ ಅಪ್‌ಡೇಟ್ ಆಗಿ ಸೆಟ್ಟಿಂಗ್ ಅಳಿಸಿಹೋದರೆ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ (ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ನೋಡುವ ಮೋಡ್) ಹೋಗಿಬಿಡುತ್ತದೆ. ಆಗ ವಿಂಡೋಸ್ ಡಿಸ್ಕ್ ಇನಿಷಿಯಲೈಸ್ ಮಾಡಲಾ ಅಂತ ಕೇಳಬಹುದು. ದಯವಿಟ್ಟು ಒತ್ತಬೇಡಿ. ಬಯಾಸ್‌ಗೆ ಹೋಗಿ ಮೋಡ್ ವಾಪಸ್ ರೇಡ್‌ಗೆ ಇಡಿ.

ಎಸ್‌ಎಸ್‌ಡಿ ಕೂತ ಮೇಲೆ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಷ್ ಜಾಗವನ್ನು ಅದಕ್ಕೆ ಬದಲಾಯಿಸಿ. ಹೊಸ ಕೆಲಸದ ಫೂಟೇಜ್ ಕಾರ್ಡ್‌ನಿಂದ ನೇರ ಅಲ್ಲಿಗೇ ಬರಲಿ. ಕೆಲಸ ಕೊಟ್ಟು ಮುಗಿದ ಮೇಲೆ ಇಡೀ ಫೋಲ್ಡರ್ ರೇಡ್‌ಗೆ ಹಾಕಿ. ಅದು ದೊಡ್ಡ ಫೈಲ್‌ಗಳ ಸಾಲು ಬರಹ, ರೇಡ್ 5 ಅದನ್ನು ತಾಳಿಕೊಳ್ಳುತ್ತದೆ.

ಸೆಕೆಂಡ್‌ಹ್ಯಾಂಡ್ ರೇಡ್ ಕಾರ್ಡ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅವು ಸರ್ವರ್‌ನ ಜೋರು ಗಾಳಿಗೆ ಮಾಡಿದವು, ಮನೆಯ ಕ್ಯಾಬಿನೆಟ್‌ನಲ್ಲಿ ಕಾದುಹೋಗುತ್ತವೆ. ಕಾರ್ಡ್ ಕೆಟ್ಟರೆ ಅದೇ ಜಾತಿಯ ಕಾರ್ಡ್ ಹುಡುಕಿಕೊಂಡು ಅಲೆಯಬೇಕು.

ಅದರ ಬದಲು ಯುಪಿಎಸ್ ತನ್ನಿ. ಮನೆ ಇನ್ವರ್ಟರ್ ಇದೆ ಅನ್ನಬಹುದು. ಕಂಪ್ಯೂಟರ್‌ನ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆಯುವುದು ಸಾಮಾನ್ಯವಾಗಿ 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ದರೆ ಸಿಸ್ಟಮ್ ರೀಸ್ಟಾರ್ಟ್. ಬೇರೆ ಯುಪಿಎಸ್ ಇದ್ದರೆ ಮಾತ್ರ ಇಂಟೆಲ್ ಸಾಫ್ಟ್‌ವೇರ್‌ನಲ್ಲಿ ಕ್ಯಾಷ್ ಮೋಡ್ ಅನ್ನು ರೈಟ್ ಬ್ಯಾಕ್‌ಗೆ (ಡೇಟಾ ಮೊದಲು ರ್ಯಾಮ್‌ಗೆ, ಆಮೇಲೆ ಡಿಸ್ಕ್‌ಗೆ) ಇಡಿ. ರೇಡ್ 5ರ ಬರೆಯುವ ವೇಗ ಎದ್ದು ಕಾಣುವಷ್ಟು ಏರುತ್ತದೆ. ಯುಪಿಎಸ್ ಇಲ್ಲದೆ ಇದನ್ನು ಮುಟ್ಟಬೇಡಿ. ರ್ಯಾಮ್‌ನಲ್ಲಿ ಕಾಯುತ್ತಿದ್ದ ಡೇಟಾ ಕರೆಂಟ್ ಜೊತೆಗೇ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ರೇಡ್ ಮೇಲೆ ನೇರ ಕೆಲಸ ಮಾಡಬೇಕಾದ ಅಗತ್ಯ ಬಿದ್ದರೆ ಇರುವ ನಾಲ್ಕು ಡಿಸ್ಕನ್ನೇ ರೇಡ್ 10 ಮಾಡಿ. ಜಾಗ 12ರಿಂದ 8 ಟಿಬಿಗೆ ಇಳಿಯುತ್ತದೆ. ಅದಕ್ಕೆ ರೇಡ್ ಅಳಿಸಿ ಹೊಸದಾಗಿ ಕಟ್ಟಬೇಕು, ಅಂದರೆ ಮೊದಲು 5 ಟಿಬಿಯನ್ನೂ ಹೊರಗೆ ತೆಗೆಯಬೇಕು. 8 ಟಿಬಿಯ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸೆಕೆಂಡಿಗೆ 120 ಎಂಬಿಯಂತೆ ಹೋದರೂ ಸುಮಾರು 12 ಗಂಟೆ. ರಾತ್ರಿ ಹಚ್ಚಿ ಮಲಗಿ.

ಆ ಎಕ್ಸ್‌ಟರ್ನಲ್ ಡಿಸ್ಕ್ ರೇಡ್ 10 ಮಾಡದಿದ್ದರೂ ಬೇಕೇ ಬೇಕು. ನಿಮ್ಮ ಪ್ರಶ್ನೆಯಲ್ಲಿ ಬ್ಯಾಕಪ್ ಅನ್ನುವ ಮಾತೇ ಇಲ್ಲ, ನನಗೆ ಕಳವಳ ಆದದ್ದು ಅದಕ್ಕೇ. ಡಿಸ್ಕ್ ಕೆಟ್ಟಾಗ ಮಾತ್ರ ರೇಡ್ ಕಾಯುತ್ತದೆ. ಕೈತಪ್ಪಿ ಡಿಲೀಟ್ ಆದರೆ, ವೈರಸ್ ಬಂದರೆ, ಸಿಡಿಲು ಬಡಿದು ನಾಲ್ಕೂ ಒಟ್ಟಿಗೆ ಸುಟ್ಟರೆ ಅದು ಏನೂ ಮಾಡಲಾರದು. ಒಂದು ಮನೆಯವರ ತಾಳಿ ಕಟ್ಟುವ ಹೊತ್ತನ್ನು ಮತ್ತೆ ಶೂಟ್ ಮಾಡಲು ಆಗುತ್ತಾ? ವಾರಕ್ಕೊಮ್ಮೆ ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು, ಅಣ್ಣತಮ್ಮಂದಿರ ಮನೆಯಲ್ಲೋ ಗೆಳೆಯರ ಅಂಗಡಿಯಲ್ಲೋ ಇಡಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಕಂಡ ರೆಸ್ಪಾನ್ಸ್ ಟೈಮ್, ಬೋರ್ಡ್‌ನ ಪೂರ್ತಿ ಮಾಡೆಲ್ ಹೆಸರು, ನಾಲ್ಕೂ ಡಿಸ್ಕ್‌ಗಳ ಮಾಡೆಲ್ ನಂಬರ್ ಕೆಳಗೆ ಬರೆಯಿರಿ. ಯಾವ ಎಂ.2 ಸ್ಲಾಟ್ ಬಳಸಬೇಕು, ಯಾವ ಸಾಟಾ ಪೋರ್ಟ್ ಖಾಲಿ ಬಿಡಬೇಕು ಅಂತ ನೋಡಿ ಹೇಳುತ್ತೇನೆ.