‘ಅಪ್ರಕಟಿತ’ ಎಂದು ಬರೆಯುವ ಮುನ್ನ

ಓದುಗರ ಪ್ರಶ್ನೆ, ಶಾಸನ ತಜ್ಞರ ಉತ್ತರ

ಪರಂಪರೆ, ಶಾಸನ, ಸ್ಮಾರಕಗಳ ಬಗ್ಗೆ ಸಂಶೋಧನಾ ಲೇಖನ ಬರೆದು ಪತ್ರಿಕೆಗೆ ಕಳಿಸುವುದು ಹೇಗೆಂದು ಕೇಳಿ ಬಂದ ಪತ್ರಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿವೆ. ಊರಿನ ಹೆಸರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. ಪರಿಶೀಲನೆಗೆಂದು ನನ್ನಲ್ಲಿಗೆ ಬರುವ ಲೇಖನಗಳಲ್ಲಿಯೂ ಹುಡುಕದೆಯೇ ‘ಅಪ್ರಕಟಿತ’ ಎಂದು ಬರೆಯುವ ಅದೇ ತಪ್ಪು ಮತ್ತೆ ಮತ್ತೆ ಕಾಣುವುದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಅಕ್ಷರದ ಗಾತ್ರ ಎಷ್ಟು, ಸಾರಾಂಶ ಎಷ್ಟು ಪದ, ಅಡಿಟಿಪ್ಪಣಿ ಎಲ್ಲಿ ಎಂದೆಲ್ಲ ಕೇಳಿದವರು ದಯವಿಟ್ಟು ಆಯಾ ಪತ್ರಿಕೆಯ ‘ಲೇಖಕರಿಗೆ ಸೂಚನೆ’ ಪುಟ ತೆರೆದು ನೋಡಿ. ಅದನ್ನು ಅಚ್ಚು ಮಾಡಿರುವುದೇ ಓದಲಿ ಎಂದು.

*ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ಅಪ್ರಕಟಿತ ವೀರಗಲ್ಲು ಶಾಸನ ಸಿಕ್ಕಿದೆ. ನಾನೇ ಓದಿ, ಅರ್ಥ ಬರೆದು, ಹನ್ನೆರಡು ಪುಟದ ಲೇಖನ ಮಾಡಿ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದೆ. ‘ಅಪ್ರಕಟಿತ ಎಂಬುದಕ್ಕೆ ಆಧಾರವಿಲ್ಲ, ಪಾಠವನ್ನು ಪರೀಕ್ಷಿಸಲು ಸಾಧ್ಯವಿಲ್ಲ’ ಎಂದು ಒಂದೇ ಸಾಲು ಬರೆದು ಹಿಂದಿರುಗಿಸಿದ್ದಾರೆ. ಹಳ್ಳಿಯವನೆಂಬ ತಾತ್ಸಾರವೇ?*
– ಪ್ರೌಢಶಾಲಾ ಶಿಕ್ಷಕರು, ಚಿಕ್ಕಬಳ್ಳಾಪುರ ಜಿಲ್ಲೆ

ತಾತ್ಸಾರವಲ್ಲ, ಮೇಷ್ಟ್ರೇ. ನೀವು ಲೇಖನವನ್ನೂ ಜೊತೆಗಿಟ್ಟು ಕಳಿಸಿದ್ದೀರಿ, ಪೂರ್ತಿ ಓದಿದೆ. ಆ ಒಂದು ಸಾಲು ಬರೆದ ಪರಿಶೀಲಕರು ನನಗಿಂತ ಸಭ್ಯರು.

‘ಅಪ್ರಕಟಿತ’ ಎಂಬ ಪದವನ್ನು ಹೆಮ್ಮೆಗೆ ಬಳಸುವ ರೂಢಿ ಬಂದುಬಿಟ್ಟಿದೆ. ಊರಿನವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಆದ್ದರಿಂದ ಅಪ್ರಕಟಿತ. ಹಾಗಲ್ಲ. ಎಲ್ಲೆಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ ಎಂಬುದನ್ನು ಆ ಪದ ಹೇಳಬೇಕು. ನಿಮ್ಮ ಲೇಖನದಲ್ಲಿ ಹುಡುಕಿದ ಗುರುತೇ ಇಲ್ಲ. ಊರಿನ ಸ್ಥಳಪುರಾಣಕ್ಕೆ ನಾಲ್ಕು ಪುಟ ಇದೆ.

ನಿಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಶಾಸನ ಸಂಗ್ರಹಿಸುವಾಗ ಅದು ಕೋಲಾರಕ್ಕೆ ಸೇರಿತ್ತು. ಹಾಗಾಗಿ ನೀವು ಮೊದಲು ತೆರೆಯಬೇಕಾದದ್ದು ಅವರ ಶಾಸನ ಸಂಗ್ರಹ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ (ಎ.ಕ.) 1905ರಲ್ಲಿ ಬಂದ ಹತ್ತನೇ ಸಂಪುಟ, ಆಮೇಲೆ ಕೋಲಾರಕ್ಕೆಂದೇ ಬಂದ ಪುರವಣಿ ಸಂಪುಟ. ಅಲ್ಲಿ ಬಂಗಾರಪೇಟೆ ಎಂದು ಹುಡುಕಿದರೆ ಸಿಗದು, ಬೌರಿಂಗ್‌ಪೇಟೆ ಎಂದಿರುತ್ತದೆ. ಬೆಂಗಳೂರು ಸಂಪುಟದಲ್ಲಿ ರಾಮನಗರ ಕ್ಲೋಸ್‌ಪೇಟೆಯಾಗಿದೆ. ಹಳ್ಳಿಗಳ ಹೆಸರಂತೂ ನೂರು ವರ್ಷದಲ್ಲಿ ಸಾಕಷ್ಟು ಬದಲಾಗಿವೆ, ಕೆಲವು ಬೇಚಿರಾಕ್ ಆಗಿ, ಅಂದರೆ ಜನವಿಲ್ಲದೆ ಹಾಳುಬಿದ್ದು, ಪಕ್ಕದ ಊರಿನೊಳಗೆ ಸೇರಿಹೋಗಿವೆ. ಆದ್ದರಿಂದ ಊರಿನ ಹೆಸರೊಂದನ್ನೇ ನೆಚ್ಚದೆ ಆ ಹೋಬಳಿಯ ಸುತ್ತಮುತ್ತಲ ಎಲ್ಲ ಶಾಸನಗಳ ಪಾಠದ ಮೇಲೂ, ಅಂದರೆ ಕಲ್ಲಿನಿಂದ ಓದಿ ಬರೆದುಕೊಂಡ ಬರಹದ ಮೇಲೂ, ಕಣ್ಣಾಡಿಸಿ. ಕಲ್ಲು ಜಾಗ ಬಿಟ್ಟು ಹೋಗಿರಬಹುದು. ಕೆರೆ ಏರಿ ಭದ್ರ ಮಾಡುವಾಗ ಪಕ್ಕದೂರಿನ ಕಲ್ಲನ್ನೇ ಎಳೆದುತಂದು ಹಾಕಿದ್ದು ಒಂದೆರಡು ಕಡೆಯಲ್ಲ.

ಅದಾದ ಮೇಲೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ಆರ್. ನರಸಿಂಹಾಚಾರ್, ಆಮೇಲೆ ಎಂ. ಎಚ್. ಕೃಷ್ಣ ಇವರ ಕಾಲದ ವರದಿಗಳಲ್ಲಿ ರೈಸ್ ಕಣ್ಣಿಗೆ ಬೀಳದ ಎಷ್ಟೋ ಕಲ್ಲುಗಳಿವೆ. ಹಲ್ಮಿಡಿ ಶಾಸನ ಜಗತ್ತಿಗೆ ಗೊತ್ತಾದದ್ದೂ 1936ರ ಅಂಥದೊಂದು ವರದಿಯಿಂದಲೇ. ಕೊನೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ವಾರ್ಷಿಕ ವರದಿ. ಅದರ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ, ವಿದೇಶಕ್ಕೇನೂ ಹೋಗಬೇಕಿಲ್ಲ. ಈ ವರದಿಯಲ್ಲಿ ಒಂದು ಸಣ್ಣ ತಿರುವಿದೆ. ಅಲ್ಲಿ ಅನೇಕ ಶಾಸನಗಳ ಸಾರಾಂಶ ಎರಡು ಸಾಲು ಇರುತ್ತದೆ, ಪೂರ್ಣ ಪಾಠ ಎಲ್ಲಿಯೂ ಅಚ್ಚಾಗಿರುವುದಿಲ್ಲ. ನಿಮ್ಮ ಕಲ್ಲು ಅಂಥದ್ದಾಗಿದ್ದರೆ ಬೇಸರ ಪಡಬೇಡಿ. ‘ವರದಿಯಲ್ಲಿ ನಮೂದಾಗಿದೆ, ಪಾಠ ಇಲ್ಲಿ ಮೊದಲ ಸಲ ಪ್ರಕಟವಾಗುತ್ತಿದೆ’ ಎಂದು ಬರೆಯಿರಿ. ಯಾವ ಸಂಪಾದಕರೂ ಅದನ್ನು ಕಡಿಮೆ ಎಂದು ಭಾವಿಸುವುದಿಲ್ಲ. ‘ನಾನೇ ಪತ್ತೆ ಹಚ್ಚಿದೆ’ ಎಂದಿರೋ, ಸಿಕ್ಕಿಬೀಳುತ್ತೀರಿ.

ರೈಸ್ ಓಡಾಡಿದ್ದು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನಲ್ಲಿ ಮಾತ್ರ. ಧಾರವಾಡ, ವಿಜಯಪುರದವರೂ ‘ಎ.ಕ.ದಲ್ಲಿ ಇಲ್ಲ, ಆದ್ದರಿಂದ ಅಪ್ರಕಟಿತ’ ಎಂದು ಬರೆಯುವುದನ್ನು ನೋಡಿದರೆ ಏನು ಹೇಳಬೇಕೋ ತಿಳಿಯದು. ಅವರಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟಗಳಿವೆ, ಬಳ್ಳಾರಿಯವರಿಗೆ 9ನೆಯದು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ.

ಉಲ್ಲೇಖಿಸುವಾಗ ಬಹಳ ಮಂದಿ ಜಾರುವ ಇನ್ನೊಂದು ಕಡೆ ಇದೆ. ಎಪಿಗ್ರಾಫಿಯಾ ಕರ್ನಾಟಿಕಾಕ್ಕೆ ಹಳೆಯ ಆವೃತ್ತಿಯಿದೆ, 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಆವೃತ್ತಿಯೂ ಇದೆ. ಸಂಪುಟ ಸಂಖ್ಯೆ ಎರಡರಲ್ಲೂ ಒಂದೇ ಅಲ್ಲ. ಹಳೆಯ ಏಳನೇ ಸಂಪುಟ ತೆರೆದರೆ ಶಿವಮೊಗ್ಗ, ಹೊಸ ಏಳನೇ ಸಂಪುಟ ತೆರೆದರೆ ಮಂಡ್ಯ, ನಾಗಮಂಗಲ, ಮದ್ದೂರು. ಬರಿದೇ ‘ಎ.ಕ. 7’ ಎಂದು ಬರೆದು ಕೈತೊಳೆದುಕೊಂಡರೆ ಪರಿಶೀಲಕ ಶಿಕಾರಿಪುರ ದಾರಿಯಲ್ಲಿ ಹೋಗಬೇಕೋ ಮಳವಳ್ಳಿ ದಾರಿಯಲ್ಲೋ? ‘ಹ.ಆ.’ ಅಥವಾ ‘ಪ.ಆ.’ ಎಂದು ಎರಡಕ್ಷರ ಸೇರಿಸಿ, ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಂಶೋಧನೆಗೆ ಸೇರಿದ ಹೊಸತರಲ್ಲಿ ನಾನು ಒಂದು ದಾನಶಾಸನವನ್ನು ‘ಇದೇ ಮೊದಲ ಬಾರಿಗೆ’ ಎಂದು ವಿಚಾರಗೋಷ್ಠಿಯಲ್ಲಿ ಓದಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಏನೂ ಮಾತನಾಡಲಿಲ್ಲ. ಊಟದ ಹೊತ್ತಿಗೆ ಕರೆದು, ಹಳೆಯ ವರದಿಯ ಪುಟ ಸಂಖ್ಯೆ ಬರೆದ ಚೀಟಿಯೊಂದನ್ನು ಕೈಗಿಟ್ಟು ಪಾಯಸ ಬಡಿಸಿಕೊಳ್ಳಲು ಹೋದರು. ಆ ದಿನದ ಊಟ ನನಗೆ ಇಳಿಯಲಿಲ್ಲ.

ಈಗ ‘ಪಾಠ ಪರೀಕ್ಷಿಸಲು ಸಾಧ್ಯವಿಲ್ಲ’ ಎಂಬ ಮಾತಿಗೆ ಬರೋಣ. ನೀವು ಕಳಿಸಿದ ಫೋಟೋದಲ್ಲಿ ನೀವಿದ್ದೀರಿ, ಗ್ರಾಮ ಪಂಚಾಯಿತಿ ಸದಸ್ಯರಿದ್ದಾರೆ, ನಡುವೆ ಕಲ್ಲಿದೆ. ಅಕ್ಷರ ಎಲ್ಲಿ? ಪಡಿಯಚ್ಚು ಬೇಕು. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ಒತ್ತುವುದು. ಬಲ್ಲವರ ಕೈಯಲ್ಲಿ ಮಾಡಿಸಿ, ಯೂಟ್ಯೂಬ್ ನೋಡಿ ಕೈ ಹಾಕಬೇಡಿ. ಸಂರಕ್ಷಿತ ಸ್ಮಾರಕದೊಳಗಿನ ಕಲ್ಲಾದರೆ ಇಲಾಖೆಯ ಅನುಮತಿ ಮೊದಲು. ಪಡಿಯಚ್ಚು ಆಗದಿದ್ದರೆ ರಾತ್ರಿ ಹೋಗಿ ಟಾರ್ಚನ್ನು ಕಲ್ಲಿಗೆ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ, ಹಗಲಲ್ಲಿ ಕಾಣದ ಗೆರೆ ಎದ್ದು ಕಾಣುತ್ತದೆ. ಅಳತೆಪಟ್ಟಿ ಚಿತ್ರದಲ್ಲಿರಲಿ, ಸದಸ್ಯರು ಬೇಡ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ನಗರದ ಸುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹೆಬ್ಬಾಳದಲ್ಲಿ ಸಿಕ್ಕ, ಕಿತ್ತಯ್ಯ ಎಂಬ ವೀರನ ಕಲ್ಲಿನ ಸ್ಕ್ಯಾನ್ ಒಮ್ಮೆ ನೋಡಿ, ಸವೆದ ಅಕ್ಷರ ಓದುವುದೆಂದರೆ ಏನೆಂದು ತಿಳಿಯುತ್ತದೆ.

ಪಾಠವನ್ನು ಕಲ್ಲಿನಲ್ಲಿದ್ದ ಹಾಗೇ ಸಾಲು ಸಾಲಾಗಿ, ಸಾಲಿನ ಸಂಖ್ಯೆ ಹಾಕಿ ಕೊಡಬೇಕು. ನೀವು ಅದನ್ನು ಹೊಸಗನ್ನಡಕ್ಕೆ ‘ತಿದ್ದಿ’ ಬರೆದಿದ್ದೀರಿ. ಱ ಇದ್ದಲ್ಲಿ ರ, ೞ ಇದ್ದಲ್ಲಿ ಳ. ಕಾಲ ನಿರ್ಣಯಕ್ಕೆ ನೆರವಾಗುವ ಸಾಕ್ಷಿಯನ್ನೇ ನಿಮ್ಮ ಕೈಯಾರೆ ಅಳಿಸಿದಿರಿ. ಸವೆದು ಅನುಮಾನವಿರುವ ಅಕ್ಷರಕ್ಕೆ ಚೌಕ ಆವರಣ ಹಾಕಿ. ಓದಲಾಗದ್ದಕ್ಕೆ ಚುಕ್ಕೆ ಇಡಿ, ನಾಚಿಕೆ ಬೇಡ. ಎಲ್ಲ ಅಕ್ಷರವೂ ಸ್ಪಷ್ಟ ಎನ್ನುವ ಪಾಠ ಬಂದರೆ ನನಗೆ ಕಲ್ಲಿಗಿಂತ ಮೊದಲು ಓದಿದವರ ಮೇಲೆ ಅನುಮಾನ. ಇನ್ನು ‘ತುಱುಗೊಳ್’ ಎಂಬ ಮಾತನ್ನು ‘ತುರುಕರು’ ಎಂದು ಓದಿ ಅದರ ಮೇಲೆ ಮೂರು ಪುಟದ ಇತಿಹಾಸ ಕಟ್ಟಿದ್ದೀರಿ. ಅದು ದನ ಹಿಡಿದದ್ದು, ಮೇಷ್ಟ್ರೇ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ಅಂಥವು ಕರ್ನಾಟಕದ ತುಂಬ ಇವೆ.

ಕಾಲ ನಿರ್ಣಯ ಇನ್ನೊಂದು ಗೋಳು. ಶಕ ವರ್ಷಕ್ಕೆ 78 ಕೂಡಿಸಿದರೆ ಮುಗಿಯಿತು ಎಂದು ಯಾರು ಕಲಿಸಿದರೋ. ಆತಕೂರಿನ ಕಲ್ಲು ಎಲ್ಲರಿಗೂ ಗೊತ್ತು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಶಕ 872ನೆಯ ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950. ಆದರೆ ಸೌಮ್ಯ ಸಂವತ್ಸರ ಬೀಳುವುದು 949-50ಕ್ಕೆ. ಯಾಕೆಂದರೆ ಅಲ್ಲಿ ಹೇಳಿದ್ದು ನಡೆಯುತ್ತಿದ್ದ ವರ್ಷ, ಮುಗಿದ ವರ್ಷವಲ್ಲ. 78 ಕೂಡುವ ಲೆಕ್ಕ ಮುಗಿದ ವರ್ಷಕ್ಕೆ. ಮನೆಯ ಪಂಚಾಂಗದಿಂದಲೇ ತಾಳೆ ನೋಡಿ: 2029ರ ಯುಗಾದಿಗೆ ಸೌಮ್ಯ ಬರುತ್ತದೆ, ಅದರಿಂದ 949 ಕಳೆದರೆ 1080, ಅಂದರೆ ಅರವತ್ತರ ಹದಿನೆಂಟು ಸುತ್ತು. 950 ಹಿಡಿದರೆ ಲೆಕ್ಕ ಕೂಡುವುದಿಲ್ಲ. ಹತ್ತನೇ ಶತಮಾನಕ್ಕೂ ಹಿಂದಿನ ಕಲ್ಲಿಗೆ ಈ ಉಪಾಯ ನಂಬಬೇಡಿ, ಆಗ ಎಣಿಕೆಯ ಪದ್ಧತಿ ಬೇರೆಯೂ ಇತ್ತು. ತಿಥಿ, ವಾರ, ಗ್ರಹಣ ಹೇಳಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಇಂಡಿಯನ್ ಎಫಿಮೆರಿಸ್‌ನಲ್ಲಿ ನೋಡಿ, 700ರಿಂದ 1799ರವರೆಗಿನ ಕೋಷ್ಟಕಗಳಿವೆ. ತೇದಿಯೇ ಇಲ್ಲದ ನಿಮ್ಮ ಕಲ್ಲಿಗೆ ಲಿಪಿ ಮಾತ್ರ ಆಧಾರ. ಆಗ ‘ಸುಮಾರು ಹತ್ತನೇ ಶತಮಾನ’ ಎನ್ನಿ. ನೀವು ‘ಕ್ರಿ.ಶ. 934’ ಎಂದು ಬರೆದಿದ್ದೀರಿ. ಆ ನಾಲ್ಕು ಎಲ್ಲಿಂದ ಬಂತು?

ಹನ್ನೆರಡು ಪುಟವನ್ನು ಐದಕ್ಕೆ ಇಳಿಸಿ. ಎಲ್ಲಿ ಹುಡುಕಿದಿರಿ, ಕಲ್ಲು ಹೇಗಿದೆ, ಪಾಠ, ಅರ್ಥ, ಇದರಿಂದ ಹೊಸದಾಗಿ ತಿಳಿಯುವುದೇನು, ಇಷ್ಟೇ ಸಾಕು. ಆ ಕೊನೆಯದಕ್ಕೆ ನಿಮ್ಮ ಹತ್ತಿರ ಒಳ್ಳೆಯ ಸರಕಿದೆ, ಆದರೆ ಅದನ್ನು ಒಂಬತ್ತನೇ ಪುಟದ ಅಡಿಟಿಪ್ಪಣಿಯಲ್ಲಿ ಹೂತಿಟ್ಟಿದ್ದೀರಿ. ಕಲ್ಲಿನಲ್ಲಿ ಬರುವ ಕೆರೆಯ ಹೆಸರು ಇಂದಿಗೂ ಊರಿನ ಒಂದು ಹೊಲಕ್ಕೆ ಉಳಿದಿದೆ ಎಂಬ ಆ ಮಾತು! ಅದನ್ನು ಮೊದಲ ಪುಟಕ್ಕೆ ತನ್ನಿ. ಕಳಿಸುವುದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬೇಡ, ಯೂನಿಕೋಡಿನಲ್ಲಿ ಕಳಿಸಿ. ಇಲ್ಲದಿದ್ದರೆ ನೀವು ಕಷ್ಟಪಟ್ಟು ಕೂರಿಸಿದ ಱ ಅಲ್ಲಿ ತಲುಪುವಾಗ ಏನಾಗಿರುತ್ತದೋ.

*ಪ್ರಶ್ನೆ: ಮೂರೇ ದಿನದಲ್ಲಿ ಅಚ್ಚು ಮಾಡುತ್ತೇವೆ, ಐಎಸ್‌ಎಸ್‌ಎನ್ ಇದೆ, ಯುಜಿಸಿ-ಕೇರ್ ಮಾನ್ಯತೆಯಿದೆ, ಹಣ ಕಟ್ಟಿ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ಕಳಿಸಲೇ?*

ಬೇಡ. ಐಎಸ್‌ಎಸ್‌ಎನ್ ಎನ್ನುವುದು ಪತ್ರಿಕೆಗೆ ಕೊಡುವ ಎಂಟಂಕಿಯ ನಂಬರ್, ಗಾಡಿಯ ನಂಬರ್ ಪ್ಲೇಟಿದ್ದ ಹಾಗೆ. ಪ್ಲೇಟಿದೆ ಎಂದಮಾತ್ರಕ್ಕೆ ಬ್ರೇಕ್ ಹಿಡಿಯುತ್ತದೆ ಎಂದಲ್ಲ. ಕೇರ್ ಎಂಬ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಇಲ್ಲದ ಪಟ್ಟಿಯ ಮಾನ್ಯತೆ ಮಾರುವವರು ನಿಮ್ಮ ಲೇಖನ ಓದುತ್ತಾರೆಂದು ನಂಬಿದಿರಾ? ಮೂರು ದಿನದಲ್ಲಿ ಒಂದು ಶಾಸನದ ಪಾಠವನ್ನು ಯಾರೂ ಪರೀಕ್ಷಿಸಲಾರರು. ಇದರಲ್ಲಿ ನನಗೆ ಸಿಟ್ಟು ಬರುವುದು ದುಡ್ಡಿಗಲ್ಲ. ಅಲ್ಲಿ ತಪ್ಪು ಪಾಠ ಅಚ್ಚಾಗುತ್ತದೆ, ಮುಂದಿನವರು ಅದನ್ನೇ ಉಲ್ಲೇಖಿಸುತ್ತಾರೆ, ಆಮೇಲೆ ಕಲ್ಲಿನ ಹತ್ತಿರ ಯಾರೂ ಹೋಗುವುದಿಲ್ಲ. ಬಡ್ತಿಗೆ ಅಂಕ ಬೇಕೆಂದು ಹಣ ಕಟ್ಟುವ ಅಧ್ಯಾಪಕರು, ಕಟ್ಟಿಸುವ ಮಾರ್ಗದರ್ಶಕರು ಇಬ್ಬರೂ ಇದಕ್ಕೆ ಹೊಣೆ. ನಿಮಗೆ ಪತ್ರಿಕೆ ಬೇಕೆಂದರೆ ಕರ್ನಾಟಕ ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’ ಇದೆ, ಮಿಥಿಕ್ ಸೊಸೈಟಿಯ ತ್ರೈಮಾಸಿಕವಿದೆ, ಶಾಸನಶಾಸ್ತ್ರ ಪರಿಷತ್ತಿನ ‘ಭಾರತೀಯ ಪುರಾಭಿಲೇಖ ಪತ್ರಿಕೆ’ ಇದೆ. ಕಳಿಸುವ ಮುನ್ನ ಅವುಗಳ ಎರಡು ಹಳೆಯ ಸಂಚಿಕೆ ಓದಿ.

*ಪ್ರಶ್ನೆ: ಅಕ್ಷರ ಎದ್ದು ಕಾಣಲೆಂದು ಮೈದಾ ಹಿಟ್ಟು ಸವರಬಹುದೇ? ಬಿಳಿ ಪೇಂಟ್ ಹೆಚ್ಚು ದಿನ ಬಾಳುತ್ತದೆಯಲ್ಲವೇ?*

ಹಿಟ್ಟು ಇರುವೆಗೆ, ಬೂಷ್ಟಿಗೆ. ಪೇಂಟ್ ನಿಜಕ್ಕೂ ಹೆಚ್ಚು ದಿನ ಬಾಳುತ್ತದೆ, ಕಲ್ಲು ಬಾಳುವುದಿಲ್ಲ. ಅಲ್ಲದೆ ಪೇಂಟ್ ತುಂಬುವವರು ತಾವು ಓದಿದ ಅಕ್ಷರವನ್ನೇ ತುಂಬುತ್ತಾರೆ, ಆಮೇಲೆ ಬಂದವರಿಗೆ ಕಾಣುವುದು ಕೆತ್ತಿದವನ ಕೈಯಲ್ಲ, ಇವರ ಕೈ. ಆಸಿಡ್, ತಂತಿ ಬ್ರಷ್ ಹಿಡಿದು ‘ಶಾಸನ ಶುದ್ಧಿ’ ಮಾಡಿಕೊಡುತ್ತೇನೆ ಎನ್ನುವವರನ್ನು ಊರೊಳಗೆ ಬಿಡಬೇಡಿ. ನೀರು, ನಾರಿನ ಮೆದು ಕುಂಚ, ತಾಳ್ಮೆ, ಇಷ್ಟೇ.

*ಪ್ರಶ್ನೆ: ಕಲ್ಲು ಹಾಳಾಗದಿರಲೆಂದು ಮನೆಗೆ ತಂದಿಟ್ಟುಕೊಂಡಿದ್ದೇನೆ. ಲೇಖನದಲ್ಲಿ ‘ಲೇಖಕರ ಸಂಗ್ರಹ’ ಎಂದು ಹಾಕಲೇ?*

ಹಾಕಿದರೆ ಅದು ಲೇಖನವಲ್ಲ, ತಪ್ಪೊಪ್ಪಿಗೆ. ನೂರು ವರ್ಷ ದಾಟಿದ ಕೆತ್ತನೆಯ ಕಲ್ಲು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಇವತ್ತೇ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ, ಎಲ್ಲಿಂದ ತಂದಿರೋ ಆ ಜಾಗವನ್ನು ಗುರುತು ಮಾಡಿಡಿ.

*ಪ್ರಶ್ನೆ: ಕಲ್ಲಿರುವ ಜಾಗದ ಜಿಪಿಎಸ್ ಕೊಡಲೇಬೇಕೆ?*

ಸಂಪಾದಕರಿಗೆ ಕೊಡಿ. ಕಾವಲಿಲ್ಲದ ಹಾಳು ಗುಡಿಯದ್ದಾದರೆ ಅಚ್ಚಿನಲ್ಲಿ ಊರಿನ ಹೆಸರಿಗೇ ನಿಲ್ಲಿಸಿ ಎಂದು ಕೇಳಿಕೊಳ್ಳಿ. ಅತಿ ಎಚ್ಚರ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಾವು ಲೇಖನ ಓದುವುದಕ್ಕಿಂತ ಶ್ರದ್ಧೆಯಿಂದ ಅದನ್ನು ನಿಧಿಗಳ್ಳರು ಓದುತ್ತಾರೆ.

*ಪ್ರಶ್ನೆ: ಫೋಟೋ ಹಾಕಿದರೆ ಎಐ ಶಾಸನ ಓದಿಕೊಡುತ್ತದಂತೆ?*

ಓದಿಕೊಡುತ್ತದೆ. ಕಲ್ಲಿನಲ್ಲಿ ಇಲ್ಲದ್ದನ್ನೂ.

*ಪ್ರಶ್ನೆ: ಶಾಸನದ ಪಾಠ ಉದ್ಧರಿಸಿದ್ದರಿಂದ ಕೃತಿಚೌರ್ಯದ ತಂತ್ರಾಂಶ ಶೇ 30 ಹೋಲಿಕೆ ತೋರಿಸುತ್ತಿದೆ.*

ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ, ಮೂಲ ಹೇಳಿ ಉದ್ಧರಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಪಾಠವನ್ನು ಬಿಟ್ಟು ಮತ್ತೆ ಎಣಿಸಲು ಹೇಳಿ. ಆಗಲೂ 30 ಬಂದರೆ ತಂತ್ರಾಂಶದ ತಪ್ಪಲ್ಲ.

*ಪ್ರಶ್ನೆ: ಒಂದೇ ಲೇಖನವನ್ನು ಎರಡು ಪತ್ರಿಕೆಗೆ ಕಳಿಸಬಹುದೇ?*

ಇಲ್ಲ.

*ಪ್ರಶ್ನೆ: ಕಳಿಸಿ ನಾಲ್ಕು ತಿಂಗಳಾಯಿತು. ಸಂಪಾದಕರಿಗೆ ಫೋನ್ ಮಾಡಲೇ?*

ಒಂದು ಈಮೇಲ್ ಮಾಡಿ. ಒಂದು. ಕಳೆದ ವಾರ ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿ ‘ಸಾರ್, ನಮ್ಮ ವೀರಗಲ್ಲು ಏನಾಯ್ತು?’ ಎಂದವರು ನೀವೇ ಎಂದು ನನಗೆ ಗುಮಾನಿ. ಅದು ಇನ್ನೂ ನನ್ನ ಮೇಜಿನ ಮೇಲೇ ಇದೆ. ಮೂರನೇ ಸಾಲಿನ ಐದನೇ ಅಕ್ಷರ ಗ ಅಲ್ಲ, ಸ ಇರಬೇಕು. ಪಡಿಯಚ್ಚು ಕಳಿಸಿ, ನೋಡೋಣ.