ಓಡಿ ಬಂದವರಿಗೂ ಎದ್ದು ಹೋದವರಿಗೂ ಇದ್ದದ್ದು ಒಂದೇ ಹೆದರಿಕೆ

ನೀವು ಕೇಳಿರೋದು ಇಷ್ಟು: "2021ರಲ್ಲಿ ನಮ್ಮ ಚಿಕ್ಕಪ್ಪ ಕೋವಿಡ್‌ಗೆ ಹೆದರಿ ಎಲ್ಲರಿಗಿಂತ ಮೊದಲು ಹೋಗಿ ಲಸಿಕೆ ಹಾಕಿಸಿಕೊಂಡರು. ಅಪ್ಪ ಲಸಿಕೆಗೇ ಹೆದರಿ ಕೊನೆವರೆಗೂ ಹಾಕಿಸಿಕೊಳ್ಳಲಿಲ್ಲ. ಒಂದೇ ಮನೆ, ಒಂದೇ ಟಿವಿ. ಆತಂಕ, ಒತ್ತಡ ಈ ನಿರ್ಧಾರದಲ್ಲಿ ನಿಜಕ್ಕೂ ಏನು ಮಾಡುತ್ತೆ?"

ನಾನು ಹಾಸನ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಎನ್‌ಎಂ, ಅಂದರೆ ಆರೋಗ್ಯ ಸಹಾಯಕಿ. ಊರಿನವರಿಗೆ ಸಿಸ್ಟರ್, ವಯಸ್ಸಾದವರಿಗೆ ನರ್ಸಮ್ಮ. ಮನಶ್ಶಾಸ್ತ್ರ ಕಲಿತವಳಲ್ಲ. ಲಸಿಕೆ ಕೊಡುತ್ತಾ ಕಂಡಿದ್ದನ್ನೂ, ಕಂಡಿದ್ದು ಅರ್ಥವಾಗದೆ ಆಮೇಲೆ ಹುಡುಕಿ ಓದಿದ್ದನ್ನೂ ಬರೀತೀನಿ.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯ್ತು. ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ, ಅಂದರೆ ಪುಟ್ಟ ಸೀಸೆಯಲ್ಲಿ, 10 ಡೋಸ್. ಒಮ್ಮೆ ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ಎಸೆಯಬೇಕು. ಹಾಗಾಗಿ ಎಂಟು ಹತ್ತು ಜನ ಸೇರೋವರೆಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸ್ತಿದ್ವಿ. ಒಂದು ಬೆಳಿಗ್ಗೆ ಆರು ಜನ ಕೂತಿದ್ದರು. ಒಬ್ಬ ಅಜ್ಜ ಟವೆಲಿನ ತುದಿಯನ್ನು ಬೆರಳಿಗೆ ಸುತ್ತೋರು, ಬಿಚ್ಚೋರು, ಮತ್ತೆ ಸುತ್ತೋರು. ಪಕ್ಕದಲ್ಲಿದ್ದವರು "ಆಚೆ ಊರಲ್ಲಿ ಯಾರೋ ಸೂಜಿ ಹಾಕುಸ್ಕಂಡ ಮೂರ್ನೇ ದಿನಕ್ಕೆ ಹೋಗ್ಬುಟ್ರಂತೆ" ಅಂದರು. ಯಾರು, ಯಾವ ಊರು ಅಂತ ಒಬ್ಬರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜ ಎದ್ದು, "ಹಸೀಗೆ ನೀರು ತೋರುಸ್ಬುಟ್ಟು ಬತ್ತೀನಿ ಕಣವ್ವ" ಅಂತ ಹೊರಟರು. ಹಿಂದೆಯೇ ಇನ್ನಿಬ್ಬರು. ಯಾರೂ ವಾಪಸ್ ಬರಲಿಲ್ಲ. ಉಳಿದ ಮೂವರಿಗಾಗಿ ವಯಲ್ ತೆರೆಯೋ ಹಾಗಿರಲಿಲ್ಲ, ನಾಳೆ ಬನ್ನಿ ಅಂತ ನಾವೇ ಕಳಿಸಿದ್ವಿ.

ಎರಡು ತಿಂಗಳು ಕಳೀತು. ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ 24 ಜನ ಸತ್ತ ಸುದ್ದಿ ಬಂತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,000 ದಾಟಿ ಕೇಸು. ಅದೇ ಅಜ್ಜ ಬೆಳಗಿನ ಜಾವ ಬಂದು, ಕೇಂದ್ರದ ಬಾಗಿಲ ಮುಂದೆ ತಮ್ಮ ಜಾಗಕ್ಕೆ ಚಪ್ಪಲಿ ಬಿಟ್ಟು, ಕಟ್ಟೆ ಮೇಲೆ ಕೂತಿದ್ದರು. ಆಗ ನಮ್ಮ ಹತ್ತಿರವೇ ಲಸಿಕೆ ಇಲ್ಲ! ನಾನು ತಡೆಯಲಾರದೆ ಕೇಳಿದೆ, "ಅಜ್ಜ, ಸೂಜಿ ಹಾಕುಸ್ಕಂಡ್ರೆ ಸಾಯ್ತಾರೆ ಅಂತ ಅವತ್ತು ಪಕ್ಕದೋರು ಅಂತಿದ್ರಲ್ಲ, ಅದು ಸುಳ್ಳು ಅಂತ ಗೊತ್ತಾಯ್ತಾ?" ಅವರು, "ನಿಜಾನೇ ಇದ್ದಾತು ಕಣವ್ವ. ಆದ್ರೆ ನಮ್ಮ್ ಬೀದೀಲೇ ಇಬ್ರು ಹೋದ್ರಲ್ಲ" ಅಂದರು.

ನಿಮ್ಮ ಪ್ರಶ್ನೆಗೆ ನನಗೆ ತಿಳಿದ ಉತ್ತರ ಆ ಮಾತಿನಲ್ಲೇ ಇದೆ. ಅಜ್ಜನ ತಿಳಿವಳಿಕೆ ಬದಲಾಗಿರಲಿಲ್ಲ, ಹೆದರಿಕೆಯೂ ಕಮ್ಮಿಯಾಗಿರಲಿಲ್ಲ. ಮಾರ್ಚ್‌ನಲ್ಲಿ ಕಾಯಿಲೆ ಬೆಂಗಳೂರಿನಲ್ಲಿತ್ತು, ಸೂಜಿ ಎದುರಿಗಿತ್ತು. ಮೇನಲ್ಲಿ ಕಾಯಿಲೆಯೇ ಬೀದಿಗೆ ಬಂತು. ಆತಂಕದಲ್ಲಿರುವ ಮನಸ್ಸು ಲೆಕ್ಕ ಹಾಕಿ ತೂಗಿ ನೋಡೋದಿಲ್ಲ. ಯಾವ ಅಪಾಯ ಕಣ್ಣಿಗೆ ಹತ್ತಿರ ಇದೆಯೋ ಅದರಿಂದ ದೂರ ಸರಿಯುತ್ತೆ. ನಿಮ್ಮ ಚಿಕ್ಕಪ್ಪ ಯಾರನ್ನೋ ಆಸ್ಪತ್ರೆಯಲ್ಲಿ ನೋಡಿ ಬಂದಿದ್ದರೇನೋ. ನಿಮ್ಮ ತಂದೆ ಲಸಿಕೆ ಆದಮೇಲೆ ಜ್ವರ ಬಂದು ತೀರಿಕೊಂಡ ಯಾರದೋ ಸುದ್ದಿ ಕೇಳಿದ್ದರೇನೋ. ಎರಡನೇ ಅಲೆಯಲ್ಲಿ ಅದು ಬೇಕಾದಷ್ಟು ಕಡೆ ಆಯ್ತು. ಸೋಂಕು ಆಗಲೇ ಮೈಗೆ ಹತ್ತಿದೆ, ಗೊತ್ತಿಲ್ಲದೆ ಬಂದು ಲಸಿಕೆ ತಗೊಂಡಿದ್ದಾರೆ. ಲಸಿಕೆಯ ರಕ್ಷಣೆ ಬರೋಕೆ ಎರಡು ವಾರವಾದರೂ ಬೇಕು. ಅಷ್ಟರಲ್ಲಿ ಕಾಯಿಲೆ ಏರಿತು. ಮನೆಯವರ ಕಣ್ಣಿಗೆ ಕಂಡಿದ್ದು "ಸೂಜಿ ಹಾಕಿದ್ರು, ಸತ್ತೋದ್ರು" ಅನ್ನೋದು ಮಾತ್ರ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಗಂಟಿದೆ. ಒಬ್ಬ ಹೆಣ್ಣುಮಗಳು, ಡಿಗ್ರಿ ಓದಿದವರು, ತಾವು ಹಾಕಿಸಿಕೊಂಡಿದ್ದರು. ಅತ್ತೆಗೆ ಮಾತ್ರ ಬೇಡ ಅಂದರು. ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ. ಎಲ್ಲರಿಗಿಂತ ಮೊದಲು ಬೇಕಾದ್ದೇ ಅವರಿಗೆ. ಆಶಾ ಕಾರ್ಯಕರ್ತೆ ಮೂರು ಸಲ ಹೋಗಿ ಬಂದರು. ನಾಲ್ಕನೇ ಸಲ ನಾನು ಹೋಗಿ, "ಓದಿದವರಾಗಿ ನೀವೇ ಹೀಗಂದ್ರೆ ಹೇಗೆ" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಹಾಗೆ ಕೇಳಬಾರದಿತ್ತು. ಅವರು ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಸಿಸ್ಟರ್, ಹಾಕಿಸದೆ ಏನಾದ್ರೂ ಆದ್ರೆ ದೇವರು ಮಾಡಿದ್ದು ಅಂತಾರೆ. ಹಾಕಿಸಿ ಏನಾದ್ರೂ ಆದ್ರೆ ಸೊಸೆ ಸಾಯಿಸಿದ್ಲು ಅಂತಾರೆ. ನಮ್ಮೆಜಮಾನ್ರು ದುಬೈನಲ್ಲಿದ್ದಾರೆ. ಈ ಮನೇಲಿ ನಾನೊಬ್ಳೇ."

ಮಾಡಿ ಆದ ಕೇಡು ಮಾಡದೆ ಆದ ಕೇಡಿಗಿಂತ ಹೆಚ್ಚು ಸುಡುತ್ತೆ ಅನ್ನೋದನ್ನು ಸಂಶೋಧಕರು ಮಕ್ಕಳ ಲಸಿಕೆ ವಿಷಯದಲ್ಲಿ 1990ರಲ್ಲೇ ಬರೆದಿದ್ದರಂತೆ. ನನಗೆ ಅದು ತಿಳಿದದ್ದು ಆ ಹಿತ್ತಲಲ್ಲಿ. ಅಂಕಿಅಂಶ ಹೇಳೋದನ್ನು ಬಿಟ್ಟೆ. ಬಿಪಿ ನೋಡಿ, ಶುಗರ್ ಚೀಟಿ ನೋಡಿ, "ಹಾಕಬಹುದು ಅಂತ ಹೇಳ್ತಿರೋದು ನಾನು, ಕೇಳಿದವರಿಗೆ ನನ್ನ ಹೆಸರು ಹೇಳಿ" ಅಂದು ಕ್ಯಾಲೆಂಡರಿನ ಮೇಲೆ ನನ್ನ ನಂಬರ್ ಬರೆದೆ. ಮಾರನೆ ದಿನ ಅತ್ತೆಯನ್ನು ಆಟೋದಲ್ಲಿ ಕರೆತಂದರು. ಆ ರಾತ್ರಿ 11 ಗಂಟೆಗೆ ಫೋನ್: ಜ್ವರ 100. ಪ್ಯಾರಾಸಿಟಮಾಲ್ ಕೊಡಿಸಿ, ಹನ್ನೆರಡೂವರೆಗೆ ನಾನೇ ಮತ್ತೆ ಫೋನ್ ಮಾಡಿದೆ. ಎರಡನೇ ಡೋಸ್‌ಗೆ ಅವರನ್ನು ಯಾರೂ ಕರೆಯಬೇಕಾಗಲಿಲ್ಲ.

ಒತ್ತಡ ಅಂದಿರಲ್ಲ, ಅದನ್ನು ಹೆಚ್ಚು ಮಾಡಿದವರಲ್ಲಿ ನಾವೂ ಇದ್ದೆವು. ಕೋವಿಶೀಲ್ಡ್‌ನ ಎರಡನೇ ಡೋಸ್ ಮೊದಲು 4 ವಾರಕ್ಕೆ ಅಂದ್ವಿ, ಮಾರ್ಚ್‌ನಲ್ಲಿ 6ರಿಂದ 8 ವಾರ ಅಂದ್ವಿ, ಮೇನಲ್ಲಿ 12ರಿಂದ 16 ವಾರ ಅಂದ್ವಿ. ಯಾಕೆ ಅಂತ ಜನಕ್ಕೆ ತಿಳಿಯೋ ಹಾಗೆ ಹೇಳಲಿಲ್ಲ. ಮೊದಲೇ ದಿಗಿಲಾದವರು ಏನೋ ಮುಚ್ಚಿಡ್ತಿದ್ದಾರೆ ಅಂದುಕೊಂಡರು. ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ ಅಂತ ಸುದ್ದಿ ಹಬ್ಬಿದಾಗ ಬಂದವರು ಕೈ ಒಡ್ಡಿದರು ನಿಜ, ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದರು. ಕೂಲಿಯವರ ಚಿಂತೆ ಬೇರೆಯೇ: ಎರಡು ದಿನ ಜ್ವರ ಬಂದರೆ ಎರಡು ದಿನದ ಕೂಲಿ ಹೋಯ್ತು. ಅದನ್ನು ಮೂಢನಂಬಿಕೆ ಅಂತ ಕರೆಯೋದು ಅನ್ಯಾಯ.

ಇನ್ನು ಮೈಯ ವಿಷಯ. 2022ರ ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಕೊವ್ಯಾಕ್ಸಿನ್ ಶುರುವಾದಾಗ ಒಂದು ಪಿಯು ಕಾಲೇಜಿಗೆ ಹೋಗಿದ್ವಿ. ತಿಂಡಿ ತಿನ್ನದೆ ಬಂದ ಹುಡುಗಿಯೊಬ್ಬಳು ಸೂಜಿ ತೆಗೆದ ಅರೆನಿಮಿಷಕ್ಕೆ ಕಣ್ಣು ಮೇಲೆ ಮಾಡಿ ಕುಸಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು. ಆಮೇಲೆ ಮೂವರಿಗೆ ತಲೆಸುತ್ತು, ಅವರಲ್ಲಿ ಒಬ್ಬಳಿಗೆ ಇನ್ನೂ ಸೂಜಿಯೇ ಚುಚ್ಚಿರಲಿಲ್ಲ. ಯಾರೂ ನಾಟಕ ಆಡ್ತಿರಲಿಲ್ಲ. ಸೂಜಿ ಕಂಡರೆ ಕೆಲವರಿಗೆ ಎದೆಬಡಿತ, ಬಿಪಿ ಮೊದಲು ಏರಿ, ಆಮೇಲೆ ದಿಢೀರನೆ ಇಳಿಯುತ್ತೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಐದು ಲಸಿಕಾ ಕೇಂದ್ರಗಳಲ್ಲೂ ಹೀಗೇ ಆಗಿತ್ತು: 8,624 ಜನರಲ್ಲಿ 64 ಮಂದಿಗೆ ಆತಂಕದಿಂದ ತೊಂದರೆಯಾಯ್ತು, 17 ಮಂದಿ ಮೂರ್ಛೆ ಹೋದರು. ಕೋವಿಡ್ ಲಸಿಕೆಯ 12 ಪ್ರಯೋಗಗಳನ್ನು ಒಟ್ಟಿಗೆ ನೋಡಿ 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಲಸಿಕೆಯೇ ಇಲ್ಲದ ಹುಸಿ ಚುಚ್ಚುಮದ್ದು ತಗೊಂಡವರಲ್ಲೂ ನೂರಕ್ಕೆ 35 ಜನ ಮೊದಲ ಡೋಸ್ ಆದಮೇಲೆ ತಲೆನೋವು, ಸುಸ್ತು ಅಂತ ಹೇಳಿದ್ದರು. ಅವರಿಗೆ ಆ ನೋವು ನಿಜವಾಗಿಯೇ ಇತ್ತು. ಕಾಲೇಜಿನ ಆ ದಿನದಿಂದ ನಾವು ಲಸಿಕೆ ಹಾಕೋ ಜಾಗಕ್ಕೆ ಸೀರೆ ಅಡ್ಡ ಕಟ್ಟಿದ್ವಿ, ತಿಂಡಿ ಆಯ್ತಾ ಅಂತ ಮೊದಲು ಕೇಳಿದ್ವಿ, ಹೆದರಿದವರನ್ನು ಮಲಗಿಸಿ ಹಾಕಿದ್ವಿ.

ಸಾಂಕ್ರಾಮಿಕ ಹೋದರೂ ಈ ಆತಂಕ ಹೋಗಲಿಲ್ಲ. 2025ರ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದಾಗ, ಪಿಕಪ್ ಓಡಿಸೋ ಹುಡುಗನೊಬ್ಬ ಬಂದು ನಿಂತ. "ಅವತ್ತು ನೀವೇ ಹಾಕಿದ್ದು ಸಿಸ್ಟರ್. ಅದನ್ನ ಮೈಯಿಂದ ತೆಗೆಯಕ್ಕೆ ಆಗಲ್ವಾ?" ನಾಲ್ಕು ರಾತ್ರಿ ನಿದ್ದೆ ಮಾಡಿರಲಿಲ್ಲ. 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಯುವಕರ ಹಠಾತ್ ಸಾವು ಹೆಚ್ಚಿಲ್ಲ ಅಂತ ಕಂಡಿದೆ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯೂ ಸಂಬಂಧ ಕಾಣಲಿಲ್ಲ. ಇದನ್ನೆಲ್ಲ ಆಮೇಲೆ ಹೇಳಿದೆ. ಮೊದಲು ಕೂರಿಸಿ, ಬಿಪಿ ನೋಡಿ, ಬೀಡಿ ಎಷ್ಟು, ಮನೇಲಿ ಯಾರಿಗಾದರೂ ಹಾರ್ಟ್ ತೊಂದರೆ ಇದೆಯಾ ಅಂತ ಕೇಳಿ, ಇಸಿಜಿಗೆ ಚೀಟಿ ಬರೆಸಿಕೊಟ್ಟೆ. ಚೀಟಿ ಕೈಗೆ ಬಂದಮೇಲೆ ಅವನ ಉಸಿರು ನಿಧಾನವಾಯ್ತು.

ನಿಮ್ಮ ತಂದೆಯ ಬಗ್ಗೆ ಒಂದು ಮಾತು. "ಯಾಕೆ ಹಾಕಿಸಿಲ್ಲ" ಅಂತ ಕೇಳಬೇಡಿ, ವಾದಕ್ಕೆ ಹೋಗುತ್ತೆ. "ಅವಾಗ ಏನು ಯೋಚನೆ ಬರ್ತಿತ್ತಪ್ಪಾ" ಅಂತ ಕೇಳಿ, ಉತ್ತರ ಬರೋವರೆಗೆ ಸುಮ್ಮನಿರಿ. ಸೂಜಿಯೇ ಭಯವಿರಬಹುದು. ಬ್ರಿಟನ್‌ನಲ್ಲಿ 15,000 ವಯಸ್ಕರನ್ನು ಕೇಳಿದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಹಿಂಜರಿಕೆಯ ಸುಮಾರು ನೂರಕ್ಕೆ 10 ಪಾಲು ಸೂಜಿಯ ಭಯದ್ದೇ. ನಮ್ಮ ಕಡೆ ಗಂಡಸರು ಇದನ್ನು ಬಾಯಿಬಿಟ್ಟು ಹೇಳೋದೇ ಇಲ್ಲ, ಲಸಿಕೆ ಸರಿಯಿಲ್ಲ ಅಂತಾರೆ. ಹಾಗೇನಾದರೂ ಇದ್ದರೆ ಉಪಾಯವಿದೆ. ತೊಡೆ, ಹೊಟ್ಟೆ, ಸೂಜಿ ಚುಚ್ಚದ ಕೈ ಮೂರನ್ನೂ 10ರಿಂದ 15 ಸೆಕೆಂಡು, ಮುಖ ಬಿಸಿಯಾಗೋವರೆಗೆ ಬಿಗಿ ಹಿಡಿಯೋದು, ಅರ್ಧ ನಿಮಿಷ ಸಡಿಲ ಬಿಡೋದು, ಹೀಗೆ ಐದು ಸಲ. ಬಿಪಿ ಇಳಿಯದ ಹಾಗೆ ತಡೆಯುತ್ತೆ. ಮನೇಲಿ ಮೊದಲೇ ಅಭ್ಯಾಸ ಮಾಡಿಸಿ. ಮುಂದಿನ ಸಲ ಟಿಟಿ ಆಗಲಿ, ಇನ್ನೊಂದಾಗಲಿ ಹಾಕಿಸೋಕೆ ಹೋದಾಗ ಸಿಸ್ಟರ್ ಹತ್ತಿರ ನೀವೇ ಮುಂಚೆ ಹೇಳಿಬಿಡಿ, ಮಲಗಿಸಿ ಹಾಕ್ತೀವಿ.